ಪೇಜಿನ ಅಡ್ಮಿನ್ ಆಗುವ ಮುನ್ನ

ಮಗಾ,

ಕಾಲೇಜಿನ ಕನ್ಫೆಷನ್ ಪೇಜ್ ನಡೆಸುತ್ತಿದ್ದ ಹುಡುಗ ಸೆಕೆಂಡ್ ಪಿಯುಸಿ ಮುಗಿಸಿ ಹೊರಟಿದ್ದಾನೆ, ಪಾಸ್‌ವರ್ಡ್ ನಿನ್ನ ಕೈಗೆ ಕೊಡುತ್ತಾನಂತೆ. ಫೋನಿನಲ್ಲಿ ಇದನ್ನು ಹೇಳಿ, 'ಏನಾಗತ್ತೆ ದೊಡ್ಡಪ್ಪ, ವಾಕ್ ಸ್ವಾತಂತ್ರ್ಯ ಅಲ್ವಾ? ಅಮೆರಿಕದಲ್ಲಾದ್ರೆ ಯಾರೂ ಕೇಳೋದೇ ಇಲ್ಲ' ಅಂದೆ. ಅಷ್ಟರಲ್ಲಿ ನಿಮ್ಮಪ್ಪ ಬಂದನೋ ಏನೋ, ಮಾತು ಕ್ರಿಕೆಟ್ಟಿಗೆ ತಿರುಗಿತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ವಕೀಲಿಕೆಯಲ್ಲಿ ಬದುಕು ಸವೆಸಿದವನ ಮಾತು, ನಡುನಡುವೆ ಸೆಕ್ಷನ್ ನಂಬರುಗಳು ನುಸುಳುತ್ತವೆ. ಸಹಿಸಿಕೊಂಡು ಓದು.

ಬೈಯುವುದಕ್ಕೆ ಬರೆಯುತ್ತಿಲ್ಲ. ಮಾತಾಡುವ ಹಕ್ಕು ನಿನಗೂ ಇದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಸಂವಿಧಾನದ 19(1)(ಎ) ವಿಧಿ ಈ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ಹದಿನೆಂಟು ತುಂಬಿರಬೇಕು ಎಂದು ಅಲ್ಲೆಲ್ಲೂ ಬರೆದಿಲ್ಲ. ಅಷ್ಟೇ ಅಲ್ಲ, ಆ ಹಕ್ಕು ಇವತ್ತು ಇಷ್ಟು ಗಟ್ಟಿಯಾಗಿ ನಿಂತಿದ್ದರೆ ಅದರಲ್ಲಿ ಶಾಲೆ-ಕಾಲೇಜಿನ ಮಕ್ಕಳ ಪಾಲು ದೊಡ್ಡದು.

1985ರ ಮಾತು. ಕೇರಳದ ಒಂದು ಶಾಲೆಯಲ್ಲಿ ಒಂದೇ ಮನೆಯ ಮೂವರು ಮಕ್ಕಳು ಓದುತ್ತಿದ್ದರು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ರಾಷ್ಟ್ರಗೀತೆ ಶುರುವಾದರೆ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ಧರ್ಮದಲ್ಲಿ ಅದು ಕೂಡದು. ಆ ವರ್ಷದ ಜುಲೈನಲ್ಲಿ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಮಾತಾಡುವ ಹಕ್ಕಿನೊಳಗೆ ಸುಮ್ಮನಿರುವ ಹಕ್ಕೂ ಇದೆ ಎಂಬ ತತ್ವ ನಮ್ಮಲ್ಲಿ ಗಟ್ಟಿಯಾದದ್ದು ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಹೆಸರಾದ ಈ ತೀರ್ಪಿನಿಂದ. ಬಾಯಿ ತೆರೆಯದೆಯೇ ಕೇಸು ಗೆದ್ದ ಮಕ್ಕಳು ಅವರು.

ಇನ್ನೊಂದು ನಿನ್ನ ಕಾಲದ್ದೇ. 2012ರ ನವೆಂಬರಿನಲ್ಲಿ ಶಿವಸೇನೆಯ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಸ್ತಬ್ಧವಾಯಿತು. ಪಾಲ್ಘರ್‌ನ ಒಬ್ಬ ಯುವತಿ ಈ ಬಂದ್ ಯಾಕೆ ಎಂದು ಫೇಸ್‌ಬುಕ್ಕಿನಲ್ಲಿ ಕೇಳಿದಳು, ಅವಳ ಗೆಳತಿ ಅದಕ್ಕೊಂದು ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಆಗ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಎಂಬ ಸೆಕ್ಷನ್ ಇತ್ತು. ಆನ್‌ಲೈನ್‌ನಲ್ಲಿ ಕಿರಿಕಿರಿ ಮಾಡಿದರೂ ಮೂರು ವರ್ಷದವರೆಗೆ ಜೈಲು. ಯಾರಿಗೆ ಕಿರಿಕಿರಿ, ಎಷ್ಟು ಕಿರಿಕಿರಿ ಎಂದು ಕೇಳುವ ಹಾಗಿರಲಿಲ್ಲ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಶ್ರೇಯಾ ಸಿಂಘಲ್ ಆಗಿನ್ನೂ ಕಾನೂನು ಓದಬೇಕೆಂದಿದ್ದ ಹುಡುಗಿ. 2015ರ ಮಾರ್ಚ್ 24ರಂದು ಕೋರ್ಟು ಆ ಸೆಕ್ಷನ್ನನ್ನೇ ರದ್ದು ಮಾಡಿತು. ಚರ್ಚೆ ಮಾಡು, ನಿನ್ನ ವಾದವನ್ನು ಬಲವಾಗಿ ಮಂಡಿಸು, ಕೇಳುವವರಿಗೆ ಎಷ್ಟೇ ಕಹಿಯಾಗಲಿ, ಅಲ್ಲಿಯವರೆಗೆ ಕಾನೂನು ಕೈ ಹಾಕಬಾರದು. ಮಾತು ಪ್ರಚೋದನೆಯ ಮಟ್ಟಕ್ಕೆ ಹೋದರೆ ಮಾತ್ರ ಪ್ರಶ್ನೆ ಏಳುತ್ತದೆ ಎಂದಿತು. (ಸತ್ತ ಸೆಕ್ಷನ್ನಿನಲ್ಲಿ ಪೊಲೀಸರು ಆಮೇಲೂ ಕೇಸು ಹಾಕುತ್ತಲೇ ಇದ್ದರು. 2022ರಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಗದರಬೇಕಾಯಿತು. ನಮ್ಮ ಠಾಣೆಗಳಿಗೆ ತೀರ್ಪು ತಲುಪುವ ವೇಗ ಅಷ್ಟು.)

ನಮ್ಮ ಬೀದರ್‌ನದನ್ನೂ ಹೇಳಬೇಕು. 2020ರ ಜನವರಿಯಲ್ಲಿ ಅಲ್ಲಿನ ಶಾಲೆಯೊಂದರ ಚಿಕ್ಕ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಟೀಕಿಸುವ ನಾಟಕ ಆಡಿದರು. ದೇಶದ್ರೋಹದ ಕೇಸು ಬಿತ್ತು. ಒಬ್ಬ ಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಜೈಲು ಕಂಡರು. ಸಮವಸ್ತ್ರದ ಪೊಲೀಸರು, ಕೆಲವರು ಆಯುಧ ಸಮೇತ, ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದ್ದು ತಪ್ಪು ಎಂದು ಹೈಕೋರ್ಟು 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು.

ಇಷ್ಟೂ ಕೇಸುಗಳಲ್ಲಿ ಒಂದು ಸಂಗತಿ ನೋಡು. ಮಕ್ಕಳ ಮಾತು, ಮೌನ, ನಾಟಕ ಎಲ್ಲವೂ ತಮಗಿಂತ ದೊಡ್ಡವರ ಎದುರು ನಿಂತಿತ್ತು. ಶಾಲೆಯ ಅಪ್ಪಣೆ, ಊರಿಗೆ ಊರೇ ಮುಚ್ಚಿಸಿದ ಬಂದ್, ದೆಹಲಿಯ ಸರ್ಕಾರ. ಪಕ್ಕದ ಬೆಂಚಿನ ಹುಡುಗಿಯ ಹೆಸರು ಕೆಡಿಸಿ, ಅದು ನನ್ನ ವಾಕ್ ಸ್ವಾತಂತ್ರ್ಯ ಎಂದು ಗೆದ್ದು ಬಂದವರು ಈ ಸಾಲಿನಲ್ಲಿ ಒಬ್ಬರೂ ಇಲ್ಲ.

ಅಮೆರಿಕದ ಮಾತೆತ್ತಿದೆಯಲ್ಲ, ಅದನ್ನೂ ನೋಡೋಣ. 2011ರ ಬೇಸಿಗೆಯಲ್ಲಿ ಅಲ್ಲಿ ಒಂದರ ಬೆನ್ನಿಗೊಂದು ಎರಡು ತೀರ್ಪು ಬಂದವು. ಪೆನ್ಸಿಲ್ವೇನಿಯಾದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯ ಕಂಪ್ಯೂಟರಿನಲ್ಲಿ ಕೂತು ತನ್ನ ಪ್ರಿನ್ಸಿಪಾಲರ ಹೆಸರು ಬರೆಯದೆ, ಅವರ ಫೋಟೊ ಹಾಕಿ, ಮೈಸ್ಪೇಸ್‌ನಲ್ಲಿ ನಕಲಿ ಪ್ರೊಫೈಲ್ ಮಾಡಿದ್ದಳು. ಬರೆದದ್ದು ಬಾಯಲ್ಲಿ ಹೇಳುವಂಥದ್ದಲ್ಲ. ಶಾಲೆ ಹತ್ತು ದಿನ ಸಸ್ಪೆಂಡ್ ಮಾಡಿತು. ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ ಎಂಟು-ಆರರ ಬಹುಮತದಲ್ಲಿ ಹುಡುಗಿಯ ಪರ ನಿಂತಿತು. ಮುಂದಿನ ತಿಂಗಳೇ ಪಶ್ಚಿಮ ವರ್ಜೀನಿಯಾದ ಕೇಸು. ಅಲ್ಲಿಯೂ ಹುಡುಗಿ, ಅಲ್ಲಿಯೂ ಮನೆಯ ಕಂಪ್ಯೂಟರು, ಅದೇ ಮೈಸ್ಪೇಸು. ಆದರೆ ಪೇಜು ಮಾಡಿದ್ದು ಸಹಪಾಠಿಯೊಬ್ಬಳಿಗೆ ಗುಪ್ತರೋಗವಿದೆ ಎಂದು ಗೇಲಿ ಮಾಡಲು. ನೂರರಷ್ಟು ಗೆಳೆಯರನ್ನು ಕರೆದಳು. ಬಂದವರು ಫೋಟೊ ತಿದ್ದಿ ಹಾಕಿದರು, ನಕ್ಕರು. ಗೇಲಿಗೆ ಸಿಕ್ಕವಳು ಮರುದಿನ ಅಪ್ಪ-ಅಮ್ಮನ ಜೊತೆ ಶಾಲೆಗೆ ಬಂದು ದೂರು ಕೊಟ್ಟು, ತರಗತಿಗೆ ಹೋಗಲಾರದೆ ಮನೆಗೆ ಹೋದಳು. ಪೇಜು ಮಾಡಿದವಳನ್ನು ಶಾಲೆ ಸಸ್ಪೆಂಡ್ ಮಾಡಿತು, ಕೋರ್ಟು ಶಾಲೆ ಮಾಡಿದ್ದೇ ಸರಿ ಎಂದಿತು. ಅವಳ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.

2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ವಿಷಯಕ್ಕೆ ನೇರವಾಗಿ ಬಂತು. ಚಿಯರ್‌ಲೀಡಿಂಗ್‌ನ ಮುಖ್ಯ ತಂಡಕ್ಕೆ ಆಯ್ಕೆಯಾಗದ ಸಿಟ್ಟಿಗೆ ಹುಡುಗಿಯೊಬ್ಬಳು ಶನಿವಾರ ಅಂಗಡಿಯೊಂದರಿಂದ ಸ್ನ್ಯಾಪ್‌ಚಾಟ್‌ನಲ್ಲಿ ಶಾಲೆಯನ್ನೂ ತಂಡವನ್ನೂ ಕೆಟ್ಟ ಪದದಲ್ಲಿ ಬೈದಿದ್ದಳು. ಒಂದು ವರ್ಷ ತಂಡದಿಂದ ಹೊರಗಿಟ್ಟದ್ದು ತಪ್ಪು ಎಂದು ಎಂಟು-ಒಂದರ ತೀರ್ಪು. ನಿಮ್ಮ ವಯಸ್ಸಿನವರಿಗೆ ಇಷ್ಟೇ ಗೊತ್ತಿರುತ್ತದೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ನಿರ್ದಿಷ್ಟ ವ್ಯಕ್ತಿಯನ್ನು ಗುರಿಯಿಟ್ಟು ಗಂಭೀರವಾಗಿ ಪೀಡಿಸಿದರೆ, ಶಿಕ್ಷಕರಿಗೋ ವಿದ್ಯಾರ್ಥಿಗಳಿಗೋ ಬೆದರಿಕೆ ಹಾಕಿದರೆ, ಅದು ಶಾಲೆಯ ಗೇಟಿನ ಹೊರಗೆ ನಡೆದರೂ ಶಾಲೆ ಮಧ್ಯೆ ಬರಬಹುದು. ಅಲ್ಲಿಗೆ, ಅಮೆರಿಕದಲ್ಲೂ ಕೇಳುತ್ತಾರೆ ಮಗಾ.

ಈಗ ನಿನ್ನ ಪೇಜಿಗೆ ಬರೋಣ. ನಿನ್ನ ತಂಗಿಯ ಫೋನಿನಲ್ಲಿ ಅದನ್ನು ಹುಡುಕಿ ನೋಡಿದೆ. ಬಯೋದಲ್ಲಿ ಒಂದು ಗೂಗಲ್ ಫಾರ್ಮ್ ಲಿಂಕ್. ಹೆಸರು ಕೇಳುವುದಿಲ್ಲ, ಇಮೇಲ್ ಕೇಳುವುದಿಲ್ಲ. ಬಂದದ್ದನ್ನು ಅಡ್ಮಿನ್ ಓದಿ, ಹಿಡಿಸಿದ್ದನ್ನು ಆರಿಸಿ, ಬಣ್ಣದ ಟೆಂಪ್ಲೇಟಿನಲ್ಲಿ ಕೂರಿಸಿ, ಮೇಲೊಂದು ನಂಬರು ಹಾಕಿ ಏರಿಸುತ್ತಾನೆ. ಹಳೆಯವೆಲ್ಲ ಪಾಪದವು: ಕೆಮಿಸ್ಟ್ರಿ ಲ್ಯಾಬಿನಲ್ಲಿ ಕನ್ನಡಕ ಹಾಕಿಕೊಳ್ಳುವ ಹುಡುಗ ಯಾರು, ಕ್ಯಾಂಟೀನ್ ಪಫ್ಸ್‌ನಲ್ಲಿ ಆಲೂಗಡ್ಡೆ ಎಲ್ಲಿ. ಈಚಿನವು ಬೇರೆ ಧಾಟಿ. ಕ್ಲಾಸಿನ ಸೆಕ್ಷನ್ ಇದೆ, ಇನಿಷಿಯಲ್ ಇದೆ, ಬಸ್ಸಿನ ರೂಟ್ ಇದೆ, ಯಾರ ಬೈಕಿನ ಹಿಂದೆ ಕೂತಿದ್ದಳು ಎಂಬುದಿದೆ. ಹೆಸರು ಒಂದು ಬಿಟ್ಟು ಎಲ್ಲ ಇದೆ. ಕೆಳಗೆ ಕಾಮೆಂಟಿನಲ್ಲಿ ಯಾರೋ ಹೆಸರನ್ನೂ ಟ್ಯಾಗ್ ಮಾಡಿದ್ದಾರೆ, ಅದಕ್ಕೆ ನಗುವ ಮುಖಗಳ ಸಾಲು. ನಮ್ಮ ಕಾಲದಲ್ಲಿ ಇಂಥದ್ದನ್ನು ಹುಡುಗರು ಪಾಯಿಖಾನೆಯ ಗೋಡೆ ಮೇಲೆ ಇದ್ದಿಲಲ್ಲಿ ಗೀಚುತ್ತಿದ್ದರು. ದಸರಾ ರಜೆಯಲ್ಲಿ ಸುಣ್ಣ ಹೊಡೆದರೆ ಹೋಗುತ್ತಿತ್ತು. ಇದು ಸ್ಕ್ರೀನ್‌ಶಾಟ್ ಆಗಿ ಅವಳ ಸೋದರಮಾವನ ಫೋನಿಗೂ ಹೋಗುತ್ತದೆ.

'ನಾನು ಬರೆದದ್ದಲ್ಲ, ಯಾರೋ ಕಳಿಸಿದ್ದು' ಎಂದು ನೀನು ವಾದಿಸಬಹುದು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸದಸ್ಯ ಹಾಕಿದ ಮೆಸೇಜಿಗೆ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ, ನಿಜ. ಅದಕ್ಕೆ ಕಾರಣವೂ ಇದೆ: ಅಲ್ಲಿ ಮೆಸೇಜು ಅಡ್ಮಿನ್ನನ ಕೈ ದಾಟಿ ಬರುವುದಿಲ್ಲ, ಬಿದ್ದ ಮೇಲೆ ಅವನೂ ನೋಡುತ್ತಾನೆ. ನಿನ್ನ ಪೇಜಿನಲ್ಲಿ ನಿನ್ನ ಹೆಬ್ಬೆರಳು ಒತ್ತದೆ ಏನೂ ಹೊರಗೆ ಬರುವುದಿಲ್ಲ. ಆರಿಸಿದವನು ನೀನು, ಅಚ್ಚು ಹಾಕಿದವನು ನೀನು. ಆ ತೀರ್ಪುಗಳು ನಿನ್ನನ್ನು ಕಾಯುತ್ತವೆ ಎಂದು ನಾನಂತೂ ಯಾವ ಕಕ್ಷಿದಾರನಿಗೂ ಹೇಳುತ್ತಿರಲಿಲ್ಲ. ಅನಾಮಧೇಯ ಎನ್ನುವುದೂ ಅಷ್ಟರಲ್ಲೇ ಇದೆ. ಖಾತೆಗೆ ಒಂದು ಫೋನ್ ನಂಬರೋ ಇಮೇಲೋ ಇರಲೇಬೇಕು, ಯಾವ ಇಂಟರ್ನೆಟ್ ಸಂಪರ್ಕದಿಂದ ಲಾಗಿನ್ ಆಯಿತು ಎಂಬ ದಾಖಲೆ ಕಂಪನಿಯ ಬಳಿ ಇರುತ್ತದೆ, ಪೊಲೀಸರು ನೋಟಿಸು ಕೊಟ್ಟು ಕೇಳುತ್ತಾರೆ. ನಿನಗೆ ಪಾಸ್‌ವರ್ಡ್ ಕೊಟ್ಟ ಹುಡುಗ ಠಾಣೆಯಲ್ಲಿ ನಿನ್ನ ಹೆಸರು ಹೇಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬುದು ನಿನಗೇ ಚೆನ್ನಾಗಿ ಗೊತ್ತು.

ಸೈಬರ್ ಬುಲ್ಲಿಯಿಂಗ್ ಎಂಬ ಹೆಸರಿನ ಸೆಕ್ಷನ್ ನಮ್ಮ ಕಾನೂನಿನಲ್ಲಿ ಇಲ್ಲ. ಇಲ್ಲ ಎಂದರೆ ಬಿಟ್ಟುಬಿಡುತ್ತಾರೆ ಎಂದಲ್ಲ, ಮಾಡಿದ ಕೆಲಸವನ್ನು ಬಿಡಿಸಿ ಒಂದೊಂದಕ್ಕೂ ಒಂದೊಂದು ಸೆಕ್ಷನ್ ಹಾಕುತ್ತಾರೆ. ಇನ್ನೊಬ್ಬರ ಹೆಸರು-ಫೋಟೊದಲ್ಲಿ ನಕಲಿ ಖಾತೆ ತೆರೆದರೆ ಐಟಿ ಕಾಯ್ದೆಯ 66ಸಿ, 66ಡಿ. ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ 66ಇ. ಹುಡುಗಿ ಬೇಡವೆಂದರೂ ಬೆನ್ನು ಬಿಡದೆ ಮೆಸೇಜು ಮಾಡುವುದು, ಅವಳು ಆನ್‌ಲೈನ್‌ನಲ್ಲಿ ಏನು ಮಾಡುತ್ತಾಳೆ ಎಂದು ಕಾಯುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿಗೆ ಬರುತ್ತದೆ. ಮಾನಹಾನಿ 356. ಹೆಸರು ಮುಚ್ಚಿಟ್ಟು ಬೆದರಿಸಿದರೆ 351ರಲ್ಲಿ ಶಿಕ್ಷೆ ಇನ್ನೂ ಹೆಚ್ಚುತ್ತದೆ. ಅನಾಮಧೇಯತೆ ಅಲ್ಲಿ ರಕ್ಷಣೆಯಲ್ಲ, ಅಪರಾಧದ ತೂಕ.

ಹದಿನೆಂಟರೊಳಗಿನವರ ಅಶ್ಲೀಲ ಚಿತ್ರದ ವಿಷಯ ಮಾತ್ರ ಬೇರೆಯೇ. ನಿನ್ನ ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳು ಆ ಲೆಕ್ಕದಲ್ಲಿ ಬರುತ್ತಾರೆ. ಐಟಿ ಕಾಯ್ದೆಯ 67ಬಿ ಪ್ರಕಾರ ಮೊದಲ ಸಲಕ್ಕೇ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷದವರೆಗೆ ದಂಡ. ಅದರ ಜೊತೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದನ್ನು ಸ್ಪಷ್ಟಮಾಡಿತು: ಅಂಥದ್ದನ್ನು ಫಾರ್ವರ್ಡ್ ಮಾಡದೆ, ಅಳಿಸದೆ, ಪೊಲೀಸರಿಗೂ ತಿಳಿಸದೆ ಫೋನಿನಲ್ಲಿ ಇಟ್ಟುಕೊಂಡಿರುವುದೂ ಪೋಕ್ಸೊ ಅಡಿಯಲ್ಲಿ ಅಪರಾಧವಾಗಬಹುದು. 'ಎಐ ಆ್ಯಪ್‌ನಲ್ಲಿ ಮಾಡಿದ್ದು, ನಿಜವಾದದ್ದಲ್ಲ' ಎಂಬ ಮಾತೂ ನಡೆಯುವುದಿಲ್ಲ. ನಿಜವಾದ ಮಗುವಿನಂತೆಯೇ ಕಾಣುವ ಕಂಪ್ಯೂಟರ್ ಚಿತ್ರವನ್ನೂ ಪೋಕ್ಸೊ ವ್ಯಾಖ್ಯೆಯೊಳಗೆ 2019ರ ತಿದ್ದುಪಡಿಯೇ ತಂದಿದೆ.

ನಾನಿನ್ನೂ ಮೈನರ್ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಹೌದು, ಬಾಲನ್ಯಾಯ ಕಾಯ್ದೆ ಇದೆ, ಒಳ್ಳೆಯ ಕಾಯ್ದೆ. ಹದಿನೆಂಟರೊಳಗಿನವರನ್ನು ಲಾಕಪ್ಪಿನಲ್ಲಿ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ. ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುವ ಮಂಡಳಿಯ ಮುಂದೆ ವಿಚಾರಣೆ. ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಅಪ್ಪ-ಅಮ್ಮನಿಂದ ಮುಚ್ಚಳಿಕೆ, ಸಾಮಾನ್ಯವಾಗಿ ಇಂಥವು. ಆದರೆ ಫೋನು, ಲ್ಯಾಪ್‌ಟಾಪು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ ಸಿಇಟಿ ಹೊತ್ತಿಗೆ ವಾಪಸ್ ಬರುವುದಿಲ್ಲ. ಆ ಕಾಯ್ದೆಯ 74ನೇ ಸೆಕ್ಷನ್ನನ್ನು ಮಾತ್ರ ನೀನು ಓದಲೇಬೇಕು. ಪ್ರಕರಣದಲ್ಲಿ ಸಿಕ್ಕಿಕೊಂಡ ಮಗುವಿನ ಹೆಸರು, ಶಾಲೆ, ಫೋಟೊ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಅಂದರೆ, ನೀನು ಅವಳಿಗೆ ಕೊಡದ ಮರೆಯನ್ನು ಕಾನೂನು ನಿನಗೆ ಕೊಡುತ್ತದೆ.

ಇಂಥದ್ದು ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೊಂದು ಘಟನೆ. 2020ರ ಮೇ ತಿಂಗಳು, ಲಾಕ್‌ಡೌನ್ ದಿನಗಳು. ದೆಹಲಿಯ ಶಾಲಾ ಹುಡುಗರ 'ಬಾಯ್ಸ್ ಲಾಕರ್ ರೂಮ್' ಎಂಬ ಇನ್‌ಸ್ಟಾಗ್ರಾಂ ಗ್ರೂಪಿನ ಸ್ಕ್ರೀನ್‌ಶಾಟುಗಳು ಹೊರಬಿದ್ದವು. ಒಳ್ಳೆಯ ಮನೆಯ, ದೊಡ್ಡ ಶಾಲೆಗಳ ಹುಡುಗರು. ತಮ್ಮದೇ ವಯಸ್ಸಿನ ಹುಡುಗಿಯರ ಫೋಟೊ ಹಂಚಿಕೊಂಡು ಅಸಹ್ಯವಾಗಿ ಮಾತಾಡಿಕೊಂಡಿದ್ದರು. ಆಗಷ್ಟೇ ಹದಿನೆಂಟು ದಾಟಿದ್ದ ಗ್ರೂಪ್ ಅಡ್ಮಿನ್‌ನ ಬಂಧನವಾಯಿತು. ಊರೆಲ್ಲ ಸಿಟ್ಟಾದದ್ದು ಸರಿಯೇ. ಆದರೆ ಅದೇ ಸಿಟ್ಟಿನ ಅಲೆಯಲ್ಲಿ ಹರಿದಾಡಿದ, ಅತ್ಯಾಚಾರದ ಸಂಚಿನ ಮಾತಿದ್ದ ಒಂದು ಸ್ನ್ಯಾಪ್‌ಚಾಟ್ ಸಂಭಾಷಣೆ ಈ ಗ್ರೂಪಿಗೆ ಸೇರಿದ್ದೇ ಅಲ್ಲ, ಹುಡುಗಿಯೊಬ್ಬಳು ಹುಡುಗನ ಹೆಸರಿನ ನಕಲಿ ಖಾತೆಯಿಂದ ಬರೆದದ್ದು ಎಂದು ಪೊಲೀಸ್ ತನಿಖೆ ಹೇಳಿತು. ಅದೇ ವಾರ ಗುರುಗ್ರಾಮದಲ್ಲಿ ಇನ್‌ಸ್ಟಾಗ್ರಾಂನಲ್ಲಿ ತನ್ನ ಮೇಲೆ ಆರೋಪ ಬಂದ ಹದಿಹರೆಯದ ಹುಡುಗನೊಬ್ಬ ಜೀವ ಕಳೆದುಕೊಂಡ. ಆರೋಪ ನಿಜವೋ ಸುಳ್ಳೋ ಯಾರೂ ವಿಚಾರಿಸುವ ಮೊದಲೇ ಎಲ್ಲ ಮುಗಿದಿತ್ತು. ಅಲ್ಲಿ ಕಾಮೆಂಟು ಹಾಕಿದವರೆಲ್ಲ ಅನ್ಯಾಯದ ವಿರುದ್ಧ ಮಾತಾಡುತ್ತಿದ್ದೇವೆ ಎಂದೇ ನಂಬಿದ್ದರು. ಸ್ಕ್ರೀನ್‌ಶಾಟ್ ಹಿಡಿದು ತೀರ್ಪು ಕೊಡುವ ಅಧಿಕಾರವನ್ನು ನಾನು ನನಗೇ ಕೊಟ್ಟುಕೊಳ್ಳುವುದಿಲ್ಲ, ನೀನೂ ಕೊಟ್ಟುಕೊಳ್ಳಬೇಡ.

ಹಾಗಾದರೆ ಬಾಯಿ ಮುಚ್ಚಿಕೊಂಡು ಕೂರಬೇಕೆ? ಖಂಡಿತ ಬೇಡ. ಹುಡುಗಿಯರ ಶೌಚಾಲಯದಲ್ಲಿ ನೀರಿಲ್ಲವೇ? ಬಾಗಿಲ ಚಿಲಕ ಮುರಿದಿದೆಯೇ? ಲ್ಯಾಬ್ ಫೀ ತೆಗೆದುಕೊಂಡು ಲ್ಯಾಬ್ ತೆರೆಯುತ್ತಿಲ್ಲವೇ? ಬರಿ. ಫೋಟೊ ಹಾಕು, ತಾರೀಖು ಹಾಕು, ರಸೀದಿ ತೋರಿಸು. ಪ್ರಿನ್ಸಿಪಾಲರಿಗೆ ಬರೆದ ಅರ್ಜಿಯ ಪ್ರತಿ ಜೊತೆಗಿರಲಿ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನಹಾನಿಯಲ್ಲ ಎಂದು ಕಾನೂನೇ ಹೇಳುತ್ತದೆ. ಉಪನ್ಯಾಸಕರ ಪಾಠ ಅರ್ಥವಾಗುತ್ತಿಲ್ಲ ಎಂದು ಬರೆಯಬಹುದು. ಅವರ ನಡಿಗೆ, ಜಾತಿ, ಸಂಸಾರ ನಿನ್ನ ವಿಷಯವಲ್ಲ. ಹಳ್ಳಿಯ ಕಡೆ ಪಂಚಾಯಿತಿಯವರು ಮಕ್ಕಳ ಗ್ರಾಮಸಭೆ ನಡೆಸುತ್ತಾರೆ. ನಿಮ್ಮಜ್ಜಿಯ ಊರಿನಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕು ಹಿಡಿದು ಪಿಡಿಒ ಅವರನ್ನು ಬಸ್ ಯಾಕಿಲ್ಲ ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. ಅವಳು ಮುಖ ಮುಚ್ಚಿಕೊಂಡಿರಲಿಲ್ಲ.

ಹೀಗೆ ಬರೆದರೂ ತೊಂದರೆ ಬರಬಹುದು, ಸುಳ್ಳು ಹೇಳುವುದಿಲ್ಲ. ಆಡಳಿತ ಮಂಡಳಿಯವರು ಕರೆಸಬಹುದು, ಟಿಸಿ ಕೊಡುತ್ತೇವೆ ಎಂದು ಹೆದರಿಸಬಹುದು. ಹೈಕೋರ್ಟಿಗೆ ಹೋದರೆ ಗೆಲ್ಲುತ್ತೀಯೋ ಏನೋ, ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಅದಕ್ಕೇ ಒಬ್ಬನೇ ಬರೆಯಬೇಡ, ಹತ್ತು ಜನ ಸಹಿ ಹಾಕಿ. ಅಂಥ ಕಾಗದಕ್ಕೆ ಬೆದರಿಕೆ ಬಂದರೆ ನನ್ನನ್ನು ಕರೆ, ಹಳೆ ಕೋಟು ಇನ್ನೂ ಇದೆ. ಇನಿಷಿಯಲ್ ಹಾಕಿ ಹುಡುಗಿಯ ಬೈಕ್ ಸವಾರಿ ಬರೆದದ್ದಕ್ಕೆ ಕರೆದರೆ ಬರುವುದಿಲ್ಲ.

ನಿನಗೋ ನಿನ್ನ ಗೆಳೆಯರಿಗೋ ಹೀಗೆ ಯಾರಾದರೂ ಮಾಡಿದರೆ ಏನು ಮಾಡಬೇಕು ಎಂಬುದನ್ನೂ ತಿಳಿದಿಟ್ಟುಕೋ. ಉತ್ತರ ಕೊಡಲು ಹೋಗಬೇಡ. ಲಿಂಕು, ಖಾತೆಯ ಹೆಸರು, ತಾರೀಖು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆ. ನಗ್ನ ಚಿತ್ರವಾಗಿದ್ದರೆ ಅದೂ ಬೇಡ. ಲಿಂಕು ಬರೆದುಕೊಂಡರೆ ಸಾಕು, ಚಿತ್ರವನ್ನು ಯಾರಿಗೂ, ಸಾಕ್ಷಿಗೆಂದು ಕೂಡ, ಕಳಿಸಬೇಡ. ಅಂಥದ್ದನ್ನು ದೂರು ಬಂದ ಮೇಲೆ ಗಂಟೆಗಳ ಲೆಕ್ಕದಲ್ಲಿ ತೆಗೆಯಲೇಬೇಕು ಎಂದು ಕಂಪನಿಗಳಿಗೆ ಕೇಂದ್ರದ ನಿಯಮವಿದೆ. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮಹಿಳೆಯರು-ಮಕ್ಕಳ ಮೇಲಿನ ಅಪರಾಧಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಜಿಲ್ಲೆಗಳಲ್ಲಿ ಸೈಬರ್ ಅಪರಾಧ ಠಾಣೆಗಳಿವೆ. ಮಕ್ಕಳ ಸಹಾಯವಾಣಿ 1098, ಸೈಬರ್ ಸಹಾಯವಾಣಿ 1930. ಪೋಕ್ಸೊ ಪ್ರಕರಣವಾದರೆ ಹುಡುಗಿ ಠಾಣೆಗೆ ಅಲೆಯಬೇಕಿಲ್ಲ, ಅವಳಿರುವಲ್ಲಿಗೇ ಸಮವಸ್ತ್ರವಿಲ್ಲದ ಅಧಿಕಾರಿ ಬಂದು ಹೇಳಿಕೆ ಪಡೆಯಬೇಕು. ವಿಷಯ ಗೊತ್ತಿದ್ದೂ ಕಾಲೇಜಿನ ಮರ್ಯಾದೆ ಎಂದು ಮುಚ್ಚಿಡುವ ಪ್ರಿನ್ಸಿಪಾಲರಿಗೂ ಅದೇ ಕಾಯ್ದೆಯಲ್ಲಿ ಶಿಕ್ಷೆಯಿದೆ.

ಇವೆಲ್ಲಕ್ಕಿಂತ ಮೊದಲು ಮನೆಯಲ್ಲಿ ಹೇಳಬೇಕು, ಅದೇ ಕಷ್ಟ. ಮಕ್ಕಳು ಯಾಕೆ ಹೇಳುವುದಿಲ್ಲ ಎಂದರೆ, ಹೇಳಿದ ತಕ್ಷಣ ಕಿತ್ತುಕೊಳ್ಳುವುದು ಅವರ ಫೋನನ್ನೇ. ಪೀಡಿಸಿದವನ ಫೋನು ಅವನ ಕೈಯಲ್ಲೇ ಇರುತ್ತದೆ. ನಿಮ್ಮಪ್ಪನ ಹತ್ತಿರ ನಿನ್ನೆ ಮಾತಾಡಿದೆ. ನೀನಾಗಲಿ ನಿನ್ನ ತಂಗಿಯಾಗಲಿ ಇಂಥದ್ದನ್ನು ಹೇಳಿಕೊಂಡು ಬಂದರೆ ಫೋನು ಕಿತ್ತುಕೊಳ್ಳುವುದಿಲ್ಲ, ಬೈಯುವುದಿಲ್ಲ, ಮೊದಲು ಪೂರ್ತಿ ಕೇಳುತ್ತೇನೆ ಎಂದು ಒಪ್ಪಿದ್ದಾನೆ. ಮಾತು ತಪ್ಪಿದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ
ದೊಡ್ಡಪ್ಪ